ರಿಮಾರ್ಕ್ಸ್ ಕಾಲಮ್ಮಿನ ಮಂಗಟ್ಟೆ

ಮೊನ್ನೆ ಒಂದು ಕಾಲೇಜಲ್ಲಿ ಮಾತಾಡೋಕೆ ಕರ್ದಿದ್ರು. ಪರಿಚಯ ಮಾಡಿಕೊಡೋ ಹುಡುಗಿ ಮೈಕ್ ಹಿಡ್ಕೊಂಡು "ವೃತ್ತಿಯಲ್ಲಿ ದಾದಿ, ಪ್ರವೃತ್ತಿಯಲ್ಲಿ ಲೇಖಕಿ, ಕಾಡಿನ ಮಡಿಲಲ್ಲಿ ಅರಳಿದ ಪ್ರತಿಭೆ" ಅಂತ ಶುರು ಮಾಡಿದ್ಲು, ನಂಗೆ ಕುರ್ಚಿ ಮೇಲೆ ಕೂತಲ್ಲೇ ಕಸಿವಿಸಿ. ಪಾಪ ಅವಳದ್ದೇನೂ ತಪ್ಪಿಲ್ಲ, ಇಂಥ ಕಾರ್ಯಕ್ರಮದಲ್ಲಿ ಹಂಗೇ ಹೇಳೋದು ರೂಢಿ. ಆದ್ರೆ ಮಡಿಲು ಅಂದ್ಲಲ್ಲ, ಆ ಪದ ಕೇಳ್ದಾಗ ನಂಗೆ ನೆನಪಾಗೋದು ಸೀರೆ ಮೊಣಕಾಲಿಗೆತ್ತಿ ಕಟ್ಕೊಂಡು ಕಾಲಿಗೆ ಹತ್ತಿದ ಇಂಬಳ, ಅಂದ್ರೆ ಜಿಗಣೆ, ಎಣಿಸ್ತಿದ್ದ ಜೂನ್ ತಿಂಗಳು. ಒಂದ್ಸಲ ಒಂದೇ ಕಾಲಲ್ಲಿ ಹನ್ನೊಂದು. ಅರಳೋಕೆ ಪುರುಸೊತ್ತೆಲ್ಲಿತ್ತು?

ಆಮೇಲೆ ಎಲ್ರೂ ಕೇಳೋದು ಒಂದೇ ಪ್ರಶ್ನೆ, ನರ್ಸಾಗಿದ್ದೋರು ಕಾಡಿನ ಬಗ್ಗೆ ಬರೆಯೋಕೆ ಹೆಂಗೆ ಶುರು ಮಾಡಿದ್ರಿ ಅಂತ. ವೇದಿಕೆ ಮೇಲೆ ಏನೋ ಒಂದು ಹೇಳಿ ಶಾಲು ಹೊದಿಸ್ಕೊಂಡು ಬರ್ತೀನಿ. ಇಲ್ಲಿ ಬೆಲ್ ಹೊಡೆಯೋರು ಯಾರೂ ಇಲ್ವಲ್ಲ, ಹಂಗಾಗಿ ಉದ್ದಕ್ಕೇ ಹೇಳ್ತೀನಿ.

ನಮ್ಮೂರು ಚಳ್ಳಕೆರೆ ಕಡೆ. ಶೇಂಗಾ ಹೊಲ, ಜಾಲಿ, ಬೇವು, ಊರ ಮುಂದೆ ಎರಡು ಹುಣಸೆಮರ, ಅಷ್ಟೇ ನಾನು ನೋಡಿದ್ದ ಹಸಿರು. ನಮ್ ಕಡೆ ಮಳೆ ಬಂತು ಅನ್ನೋದು ಸುದ್ದಿ, ಈ ಮಲೆನಾಡಲ್ಲಿ ಮಳೆ ನಿಂತಿತು ಅನ್ನೋದು ಸುದ್ದಿ. 2001ರ ಜೂನಲ್ಲಿ ಎಎನ್‌ಎಂ, ಅಂದ್ರೆ ಹಳ್ಳಿ ಆರೋಗ್ಯ ಸಹಾಯಕಿ ಕೆಲಸದ ಆರ್ಡರ್ ಬಂದಾಗ ನಂಗೆ 24. ಜಾಗ ಸಾಗರ ತಾಲೂಕು, ಶರಾವತಿ ಹಿನ್ನೀರಿನ ಆಚೆ ದಡ. ಅಪ್ಪ ಟ್ರಂಕು ಹೊತ್ಕೊಂಡು ಜೊತೆಗೆ ಬಂದಿದ್ರು, ಹೊಳೆಬಾಗಿಲಲ್ಲಿ ಬಸ್ಸಿಳಿದು ನೋಡ್ತೀವಿ, ರಸ್ತೆ ಸೀದಾ ಹೋಗಿ ನೀರೊಳಗೆ ಇಳಿದುಬಿಟ್ಟಿದೆ. ಅಪ್ಪ ಸುಮಾರು ಹೊತ್ತು ಆ ನೀರನ್ನೇ ನೋಡಿ "ಸಮುದ್ರೇನವ್ವಾ ಇದು" ಅಂದ್ರು. ಲಾಂಚ್ ಬಂತು, ಬಸ್ಸು, ಜೀಪು, ಜನ, ಎರಡು ಎಮ್ಮೆ ಎಲ್ಲಾ ಹತ್ತಿತು. ಲಾಂಚಲ್ಲಿ ಪಕ್ಕ ನಿಂತಿದ್ದೋರು ನನ್ನ ಟ್ರಂಕು ನೋಡಿ ಹೊಸ ನರ್ಸಮ್ಮ ಅಂತ ತಿಳ್ಕೊಂಡು ಒಂದೇ ಮಾತು ಹೇಳಿದ್ರು, "ಸಂಜೆ ಲಾಂಚ್ ನಿಂತ್ರೆ ಆತು, ಆಮೇಲೆ ದೇವ್ರೇ ಗತಿ." ತಮಾಷೆಗೆ ಹೇಳಿದ್ದಲ್ಲ ಅಂತ ಮೊದಲ ತಿಂಗಳಲ್ಲೇ ಗೊತ್ತಾಯ್ತು.

ಅಲ್ಲಿನ ಜನ ಅದನ್ನ ಮುಳುಗಡೆ ಅಂತಾರೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಗಿ ನೀರು ನಿಂತಾಗ ಗದ್ದೆ, ತೋಟ, ದೇವಸ್ಥಾನ, ದಾರಿ ಎಲ್ಲಾ ಒಳಗೆ ಹೋಯ್ತು, ಗುಡ್ಡದ ತಲೆಗಳು ಮಾತ್ರ ಮೇಲೆ ಉಳ್ಕೊಂಡ್ವು. ಅದಕ್ಕಿಂತ ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಡ್ಯಾಮೂ ಅದೇ ನೀರಲ್ಲಿ ಮುಳುಗಿತು, ಅಂದ್ರೆ ಡ್ಯಾಮನ್ನೇ ಡ್ಯಾಂ ಮುಳುಗಿಸಿದ್ದು. ಬೇಸಿಗೇಲಿ ನೀರು ತೀರಾ ಇಳಿದ್ರೆ ಆ ಹಳೇ ಕಟ್ಟೆ ಎದ್ದು ಕಾಣುತ್ತೆ, ಅದರ ಜೊತೆ ಸಾವಿರಾರು ಮರದ ಬುಡ, ಕಪ್ಪಗೆ, ಸುಟ್ಟುಹಾಕಿದ ಹಾಗೆ. ಕಾಡಿನ ಬಗ್ಗೆ ಬರೆಯೋಳಿಗೆ ಮೊದಲು ಕಂಡ ಕಾಡು ಅದು, ಸತ್ತಿದ್ದು.

ಎಎನ್‌ಎಂ ಅಂದ್ರೆ ಪೂರ್ತಿ ನರ್ಸಲ್ಲ ಅಂತ ಮೂಗು ಮುರಿಯೋರು ಇದಾರೆ. ಸರ್ಕಾರ ನಮ್ಮನ್ನ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಅಂತಿತ್ತು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಉದ್ದದ ಹೆಸರು ಕೊಟ್ಟಿದೆ, ಊರವರಿಗೆ ಮಾತ್ರ ಆವಾಗ್ಲೂ ಈವಾಗ್ಲೂ ನರ್ಸಮ್ಮ. ಗುರುವಾರ ಲಸಿಕೆ ದಿನ. ವ್ಯಾಕ್ಸಿನ್ ಕ್ಯಾರಿಯರ್ ಹೆಗಲಿಗೆ ಹಾಕ್ಕೊಂಡು ನಡೆಯೋದು. ಅದರೊಳಗಿನ ಐಸ್‌ಪ್ಯಾಕ್ ಫ್ರೀಜರಿಂದ ತೆಗೆದ ತಕ್ಷಣ ಇಡೋ ಹಾಗಿಲ್ಲ, ಹೊರಗಿಟ್ಟು ಬೆವರಬೇಕು, ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಒಳಗೆ ನೀರು ಕುಲುಕೋ ಸದ್ದು ಬರಬೇಕು, ಇಲ್ಲಾಂದ್ರೆ ಕೆಲವು ಲಸಿಕೆ ಹೆಪ್ಪುಗಟ್ಟಿ ಹಾಳಾಗ್ತಾವೆ. ಕಿವಿಯಿಂದ ಕೆಲಸ ಮಾಡೋದು ನಾನು ಕಲಿತಿದ್ದು ಅಲ್ಲಿ. ಹಕ್ಕಿ ಕೂಗು ಕೇಳೋಕೆ ಶುರು ಮಾಡಿದ್ದು ಎಷ್ಟೋ ಆಮೇಲೆ.

ಒಂದು ಮನೆಗೂ ಇನ್ನೊಂದು ಮನೆಗೂ ಮಧ್ಯೆ ಒಂದು ಗುಡ್ಡ. ಮೊದಲ ವರ್ಷ ನಂಗೆ ಎಲ್ಲಾ ಬರೀ ಕಾಡು. ದಾರಿ ತೋರಿಸೋಕೆ ಬರ್ತಿದ್ದ ಹೆಂಗಸರು ನಗ್ತಿದ್ರು, ಇದು ಕಾಡಲ್ಲ ಕಾನು, ಅದು ಸೊಪ್ಪಿನ ಬೆಟ್ಟ, ಆಚೆದು ಬ್ಯಾಣ, ಇಲ್ಲಿ ಮೊದಲು ಗದ್ದೆ ಇತ್ತು ಈಗ ಹಕ್ಕಲು ಅಂತ. ಕಾನಲ್ಲಿ ನಡು ಮಧ್ಯಾಹ್ನವೂ ನೆಲ ತಣ್ಣಗೆ, ಬ್ಯಾಣಕ್ಕೆ ಬಂದ್ರೆ ನೆತ್ತಿ ಸುಡೋ ಬಿಸ್ಲು, ಸೊಪ್ಪಿನ ಬೆಟ್ಟದ ಮರಗಳಿಗೆ ಮಾತ್ರ ಕೊಂಬೆ ಕಡಿದೂ ಕಡಿದೂ ಗಂಟು ಗಂಟು ಮೈ. ನಾಲ್ಕು ಬೇರೆ ಬೇರೆ ಜಾಗ, ನಾಲ್ಕಕ್ಕೂ ನನ್ನ ಹತ್ರ ಇದ್ದಿದ್ದು ಒಂದೇ ಪದ. ಆಸ್ಪತ್ರೆಗೆ ಬಂದು ಎಲ್ಲದಕ್ಕೂ "ಹೊಟ್ಟೆನೋವು" ಅನ್ನೋ ಪೇಷಂಟ್ ಥರ ನಾನೇ ಆಗಿದ್ದೆ. ಎಲ್ಲಿ, ಯಾವಾಗಿಂದ, ಊಟಕ್ಕೆ ಮೊದಲೋ ಆಮೇಲೋ ಅಂತ ಕೇಳಿ ಬಿಡಿಸ್ಬೇಕು. ಹಂಗೇ ಬಿಡಿಸ್ತಾ ಹೋದೆ. ವಾಟೆ, ಮುರುಗಲು, ರಾಮಪತ್ರೆ, ಮತ್ತಿ, ನಂದಿ, ಹೊನ್ನೆ. ತೊಗಟೆ ಮುಟ್ಟಿ, ಎಲೆ ಮುರಿದು ಮೂಸಿ.

ಈಗ ಡೈರಿ ವಿಷ್ಯ. ನಮಗೆ ಟೂರ್ ಡೈರಿ ಅಂತ ಒಂದಿರುತ್ತೆ. ದಿನಾಂಕ, ಹಳ್ಳಿ, ಎಷ್ಟು ಮನೆ ಭೇಟಿ, ಎಷ್ಟು ಗರ್ಭಿಣಿ, ಎಷ್ಟು ಜ್ವರ, ಕೊನೇಲಿ ರಿಮಾರ್ಕ್ಸ್ ಅಂತ ಒಂದು ಕಾಲಂ. ಅದರಲ್ಲಿ ಎಲ್ರೂ "ನಿಲ್" ಅಂತ ಬರೀತಾರೆ. ನಾನೂ ಬರೀತಿದ್ದೆ. ಒಂದಿನ ಮಾರ್ಚಲ್ಲಿ ಒಬ್ಬ ಬಾಣಂತಿ ಮನೆಗೆ ಹೋಗಿ ವಾಪಸ್ ಬರುವಾಗ ತಲೆ ಮೇಲೆ ರೆಕ್ಕೆ ಸದ್ದು, ಯಾರೋ ಕಂಬಳಿ ಕೊಡವಿದ ಹಾಗೆ. ನೋಡಿದ್ರೆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ, ಒಂದು ದೊಡ್ಡ ಮರದ ಪೊಟರೆ ಹತ್ರ ಕೂತು ಒಳಗೆ ಏನೋ ತುರುಕ್ತಿದೆ. ಪೊಟರೆ ಬಾಯಿ ಪೂರ್ತಿ ಮೆತ್ತಿಬಿಟ್ಟಿದೆ, ಒಂದು ಸೀಳು ಮಾತ್ರ ಬಿಟ್ಟು. ಜೊತೆಗಿದ್ದ ಅಜ್ಜಿ ಹೇಳಿದ್ರು, "ಒಳಗೆ ಹೆಣ್ಣು ಅದೆ ಅಮಾ, ಮರಿ ದೊಡ್ಡಾಗೂ ತನಕ ಹೊರಗೆ ಬರೂದಿಲ್ಲ, ಇಂವನೇ ತಂದು ಹಾಕೂದು." ಅವತ್ತು ಡೈರೀಲಿ ರಿಮಾರ್ಕ್ಸ್ ಕಾಲಮ್ಮಲ್ಲಿ ನಿಲ್ ಬರೆಯೋಕೆ ಕೈ ಬರಲಿಲ್ಲ. "ದಾರಿಯಲ್ಲಿ ಮಂಗಟ್ಟೆ ಗೂಡು, ಗಂಡು ಹಕ್ಕಿ ಅರ್ಧ ಗಂಟೆಯಲ್ಲಿ ಮೂರು ಸಲ ಹಣ್ಣು ತಂದಿತು" ಅಂತ ಬರ್ದೆ. ತಿಂಗಳ ಕೊನೇಲಿ ಸಹಿ ಹಾಕೋ ಸಾಹೇಬ್ರು ಅದರ ಕೆಳಗೆ ಕೆಂಪು ಪೆನ್ನಲ್ಲಿ ಗೆರೆ ಎಳೆದು ಕರೆಸಿದ್ರು. "ಏನ್ ಸಿಸ್ಟರ್ ಇದು, ಗವರ್ಮೆಂಟ್ ಡೈರಿ ಇದು, ನಿಮ್ಮನೆ ಡೈರಿ ಅಲ್ಲ." ಅಷ್ಟೇ. ಬೈದಿದ್ದು ಸರಿನೇ ಇತ್ತು. ವಾಪಸ್ ಬರ್ತಾ ಅಂಗಡೀಲಿ 200 ಪುಟದ ನೋಟ್‌ಬುಕ್ ಒಂದು ತಗೊಂಡೆ. ಈಗ ಯೋಚಿಸಿದ್ರೆ ಆ ಕೆಂಪು ಗೆರೆಗೆ ಒಂದು ಋಣ ಇದೆ. ಅವರೇನಾದ್ರೂ ಚೆನ್ನಾಗಿ ಬರ್ದಿದೀರ ಅಂದಿದ್ರೆ ಡೈರೀಲೇ ಬರ್ಕೊಂಡು ಇದ್ದುಬಿಡ್ತಿದ್ದೆ, ಆ ಡೈರಿಗಳು ಆಮೇಲೆ ರದ್ದಿಗೆ ಹೋದ್ವು.

ಮಂಗಟ್ಟೆ ಬಗ್ಗೆ ಬರೆಯೋರೆಲ್ಲ ತಾಯ್ತನ, ತ್ಯಾಗ ಅಂತ ಹೋಗ್ತಾರೆ. ನಂಗೆ ಯಾಕೋ ಒಳಗೆ ಕೂತೋಳಿಗಿಂತ ಹೊರಗಿನೋನ ಪಾಡೇ ಕಣ್ಣಿಗೆ ಬಿತ್ತು, ಬೆಳಗಿಂದ ಸಂಜೆ ತನಕ ಹಣ್ಣು ನುಂಗ್ಕೊಂಡು ಬಂದು ಒಂದೊಂದೇ ಕಕ್ಕಿ ಸೀಳಲ್ಲಿ ಕೊಡೋದು, ತಿಂಗಳುಗಟ್ಟಲೆ, ರಿಲೀವರ್ ಇಲ್ಲದ ಡ್ಯೂಟಿ. ನಮ್ಮನೆಯವ್ರು ಸಾಗರದ ಕಡೆ ಹೈಸ್ಕೂಲ್ ಮೇಷ್ಟ್ರು, ಶನಿವಾರ ಕೊನೇ ಲಾಂಚಿಗೆ ಬರೋರು, ಸೋಮವಾರ ಮೊದಲ ಲಾಂಚಿಗೆ ಹೋಗೋರು. ಅವರನ್ನೂ ಕರ್ಕೊಂಡು ಹೋಗಿ ಗೂಡು ತೋರಿಸ್ದೆ. ನೋಡಿ ಕಲೀರಿ ಅಂದೆ. ಅವರು "ವೀಕೆಂಡ್ ಮಂಗಟ್ಟೆ ಇರಲ್ವಾ" ಅಂದ್ರು.

ಮಗಳು ಹುಟ್ಟಿದ್ದು 2004ರಲ್ಲಿ. ಅಲ್ಲಿಂದ ಕಾಡು ಬೇರೆ ಆಯ್ತು.

ಆ ಕಡೆಯವರಿಗೆ ಮಂಗನ ಕಾಯಿಲೆ ಬಗ್ಗೆ ಹೇಳ್ಬೇಕಾಗಿಲ್ಲ, ಉಳಿದವರಿಗೋಸ್ಕರ ಸ್ವಲ್ಪ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಲುಸಾಲಾಗಿ ಸತ್ವು, ಹಿಂದೆಯೇ ಜನಕ್ಕೆ ಜ್ವರ. ಮಂಗ ಸಾಯ್ತಿವೆ ಅಂದ್ರೆ ಹಳದಿ ಜ್ವರವೇ ಬಂತೇನೋ ಅಂತ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಗಾಬರಿಯಾಗಿ ಬಂದಿದ್ರು, ಸಿಕ್ಕಿದ್ದು ಹೊಸ ವೈರಸ್ಸು. ಆ ಊರಿನ ಹೆಸರೇ ರೋಗಕ್ಕೆ ಅಂಟ್ಕೊಂಡ್ತು. ಹರಡೋದು ಉಣುಗು, ಅಂದ್ರೆ ಉಣ್ಣೆ ಹುಳ. ಮಂಗ ಸತ್ತು ಮೈ ತಣ್ಣಗಾದ್ರೆ ಉಣುಗು ಅದನ್ನ ಬಿಟ್ಟು ಸುತ್ತಲಿನ ದರಗಿಗೆ, ಅಂದ್ರೆ ಉದುರಿದ ಒಣ ಎಲೆಗೆ, ಇಳಿಯುತ್ತೆ. ಅದರ ಮರಿ ಸಾಸಿವೆಗಿಂತ ಸಣ್ಣದು, ಮನುಷ್ಯರಿಗೆ ಹೆಚ್ಚಾಗಿ ಕಚ್ಚೋದು ಅದೇ, ಡಿಸೆಂಬರಿಂದ ಮೇ ತನಕ. ಸರಿಯಾಗಿ ಅದೇ ತಿಂಗಳುಗಳಲ್ಲಿ ಜನ ಕಾಡಿಗೆ ಹೋಗಿ ದರಗು ಗುಡಿಸಿ ತರೋದು, ಕೊಟ್ಟಿಗೆಗೆ ಹಾಸೋಕೆ, ಗೊಬ್ಬರಕ್ಕೆ. ಅದಿಲ್ದೆ ತೋಟ ಇಲ್ಲ. "ಕಾಡಿಗೆ ಹೋಗಬೇಡಿ" ಅಂತ ಒಂದು ಪಾಂಪ್ಲೆಟ್ ಹಂಚೋದು ನಮ್ಮ ಕೆಲಸ, ನೀರಿಗಿಳೀಬೇಡಿ ಅಂತ ಮೀನಿಗೆ ಹೇಳಿದ ಹಾಗೆ. ಉಣುಗು ಹತ್ತದ ಹಾಗೆ ಡಿಎಂಪಿ ಎಣ್ಣೆ ಹಚ್ಕೊಳ್ಳಿ ಅಂತ ಬಾಟ್ಲಿ ಕೊಡ್ತಿದ್ವಿ, ಜಿಡ್ಡು, ವಾಸನೆ, ಮಾಡಿನ ಸಂದೀಲಿ ಸಿಕ್ಕಿಸಿಟ್ಟ ಬಾಟ್ಲಿ ಮುಂದಿನ ವರ್ಷವೂ ಹಂಗೇ ಇರ್ತಿತ್ತು. ಲಸಿಕೆ ಇತ್ತು, ಎರಡು ಡೋಸು, ಆಮೇಲೆ ಬೂಸ್ಟರು, ಚುಚ್ಚಿದ್ರೆ ಎರಡು ದಿನ ತೋಳು ಎತ್ತೋಕಾಗ್ದಷ್ಟು ನೋವು. ಒಂದು ಹಾಕಿಸ್ಕೊಂಡೋರು ಎರಡನೇದಕ್ಕೆ ನನ್ನ ನೋಡಿದ್ರೆ ಕೊಟ್ಟಿಗೆ ಹಿಂದೆ ಹೋಗೋರು. ಆ ಲಸಿಕೆ ಅಷ್ಟೊಂದು ಕೆಲಸ ಮಾಡ್ತಿಲ್ಲ ಅಂತ ಈಗ ನಿಲ್ಸಿದಾರೆ, ಹೊಸದರ ಕೆಲಸ ನಡೀತಿದೆ. ಎಷ್ಟು ಜನರನ್ನ ಬೈದು, ಬೇಡ್ಕೊಂಡು, ಅಟ್ಟಿಸ್ಕೊಂಡು ಹೋಗಿ ಚುಚ್ಚಿದ್ದೆ ಅಂತ ನೆನೆಸ್ಕೊಂಡ್ರೆ ಒಂಥರಾ ಆಗುತ್ತೆ.

ಕಾಡು ಬಿಟ್ಟು ಇದ್ರೆ ರೋಗ ಇಲ್ಲ ಅನ್ನೋದೂ ಅರ್ಧ ಸತ್ಯ. 1982-83ರಲ್ಲಿ ಬೆಳ್ತಂಗಡಿ ಕಡೆ ನಿಡ್ಲೆ ಹತ್ರ ಗೇರು ತೋಟ ಮಾಡೋಕೆ ಕಾಡು ಕಡಿದಾಗಲೇ ಅಲ್ಲಿ ಈ ಕಾಯಿಲೆ ಜೋರಾಗಿ ಎದ್ದಿದ್ದು. ಕಾಡು ಇದ್ರೂ ಬರುತ್ತೆ, ಕಡಿದ್ರೂ ಬರುತ್ತೆ, ಇದನ್ನ ನಾಲ್ಕು ಸಾಲಿನ ಪಾಂಪ್ಲೆಟ್ಟಲ್ಲಿ ಹೆಂಗೆ ಹೇಳ್ತೀರ.

2009ರ ಫೆಬ್ರವರಿ, ಸಂಜೆ, ಮಗಳಿಗೆ ತಲೆ ಬಾಚ್ತಾ ಇದ್ದೆ. ಬಲಗಿವಿ ಹಿಂದೆ ಕಪ್ಪು ಚುಕ್ಕೆ. ಮಚ್ಚೆ ಅಲ್ಲ. ಚಿಮುಟದಲ್ಲಿ ಚರ್ಮದ ಪಕ್ಕ ಹಿಡಿದು ಮೆಲ್ಲಗೆ ತೆಗೆದೆ, ಉಗುರಲ್ಲಿ ಒಡೀಬಾರದು ಅಂತ ನೂರು ಮನೇಲಿ ಹೇಳಿದ್ದೆನಲ್ಲ, ಕೈ ತಾನಾಗೇ ಮಾಡ್ತು. ಆಮೇಲೆ ನಡುಗಿತು. ಎಲ್ಲಿ ಆಡೋಕೆ ಹೋಗಿದ್ದೆ ಅಂದ್ರೆ ಪಕ್ಕದ ಮನೆ ಕೊಟ್ಟಿಗೆ ಹಿಂದೆ, ದರಗಿನ ರಾಶಿ ಮೇಲೆ ಜಾರುಗುಪ್ಪೆ. ಲಸಿಕೆ ಆರು ವರ್ಷದ ಮೇಲಿನವರಿಗೆ, ಅವಳಿಗೆ ಐದು. ನೂರು ಮನೆ ಮಕ್ಕಳನ್ನ ದರಗಿಗೆ ಬಿಡಬೇಡಿ ಅಂತ ಹೇಳ್ಕೊಂಡು ತಿರುಗೋ ನರ್ಸಿನ ಮಗಳು.

ಕಚ್ಚಿದ ಮೇಲೆ ಜ್ವರ ಬರೋದಾದ್ರೆ ಮೂರರಿಂದ ಎಂಟು ದಿನ. ಕಾಯೋದು ಬಿಟ್ಟು ಬೇರೆ ದಾರಿ ಇಲ್ಲ, ಅದಕ್ಕೆ ಅಂತ ಔಷಧಿ ಇಲ್ಲ, ಬಂದ ತೊಂದರೆಗೆ ಬಂದ ಹಾಗೆ ನೋಡ್ಕೊಳ್ಳೋದಷ್ಟೇ. ಆ ಎಂಟು ದಿನ ನಾನು ಒಂದು ಹಾಳೆ ಮೇಲೆ ಗೆರೆ ಎಳೆದು ದಿನಕ್ಕೆ ನಾಲ್ಕು ಸಲ ಟೆಂಪರೇಚರ್ ಬರೆದೆ, ವಾರ್ಡಲ್ಲಿ ಬರೆಯೋ ಹಾಗೇ. ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಹಾಳೆಯ ಬಲಗಡೆ ಜಾಗ ಖಾಲಿ ಇತ್ತು. ಕಿಟಕಿ ಹತ್ರ ಕೂತು ಕಂಡಿದ್ದನ್ನ ಅಲ್ಲಿ ಬರೀತಾ ಹೋದೆ, ಬೇರೇನೂ ತೋಚದೆ. 98.4, ಹಲಸಿನ ಮರದಲ್ಲಿ ಗೂಬೆ, ಎರಡು ಸಲ ಕೂಗಿ ಸುಮ್ಮನಾಯ್ತು. 98.6, ಇಬ್ಬನಿ ಮಾಡಿನ ತಗಡಿಂದ ತೊಟ್ಟಿಕ್ತಿದೆ. 99, ಕೈ ಇಟ್ಟು ನೋಡ್ದೆ, ಹೊದಿಕೆ ಬಿಸಿ ಇರಬೇಕು, ಮತ್ತೆ ಇಟ್ಟೆ, 98.6, ಕಾನಿನ ಕಡೆಯಿಂದ ಮುಸುವನ ಕೂಗು, ಇನ್ನೂ ಬದುಕಿವೆ. ಈ ಕೊನೇ ಎರಡು ಪದ ಬರೆದ ಮೇಲೆ ಪೆನ್ನು ಕೆಳಗಿಟ್ಟು ಅತ್ತೆ. ಕಾನಲ್ಲಿ ಮುಸುವ ಬದುಕಿದ್ರೆ ನನ್ನ ಮಗಳೂ ಉಳಿದಾಳು ಅನ್ನೋ ಲೆಕ್ಕ. ಅಲ್ಲಿ ತನಕ ಮಂಗ ಅಂದ್ರೆ ನಂಗೆ ಸತ್ತರೆ ಮಾತ್ರ ರಿಪೋರ್ಟ್ ಮಾಡೋ ಪ್ರಾಣಿ.

ಒಂಬತ್ತನೇ ದಿನಾನೂ ಜ್ವರ ಬರಲಿಲ್ಲ. ಹತ್ತನೇ ದಿನಾನೂ ಇಲ್ಲ. ಆ ಉಣುಗಲ್ಲಿ ವೈರಸ್ ಇರಲಿಲ್ಲ, ಎಲ್ಲಾ ಉಣುಗಲ್ಲೂ ಇರಲ್ಲ, ಅಷ್ಟೇ. ಆ ಹಾಳೆ ಇನ್ನೂ ಇದೆ ನನ್ನ ಹತ್ರ. ನಾನು ಲೇಖಕಿ ಅಂತ ಯಾರಾದ್ರೂ ಅಂದ್ರೆ ಅದೇ ನನ್ನ ಮೊದಲ ಬರಹ, ಎಡಗಡೆ ಟೆಂಪರೇಚರ್, ಬಲಗಡೆ ಕಾಡು.

ಮುಂದಿನದು ನಾನು ವೇದಿಕೆ ಮೇಲೆ ಯಾವತ್ತೂ ಹೇಳದ ಭಾಗ. ನೋಟ್‌ಬುಕ್ಕಿಂದ ಒಂದಷ್ಟು ತಿದ್ದಿ ಪತ್ರಿಕೆಗೆ ಕಳಿಸೋಕೆ ಶುರು ಮಾಡಿದ್ದೆ. ಮೊದಲೆರಡು ಬಂದ್ವು, ಖುಷಿ. ಮೂರನೇದು ಒಂದು ಹೆರಿಗೆ ರಾತ್ರಿಯ ಕತೆ, ಮಳೆ, ಲಾಂಚ್ ನಿಂತಿತ್ತು, ಕೋಗಾರು ಕಡೆಯಿಂದ ಕಾಡಿನ ದಾರೀಲಿ ಸುತ್ತು ಹಾಕ್ಕೊಂಡು ಜೀಪಲ್ಲಿ ಕರ್ಕೊಂಡು ಹೋಗಿದ್ದು, ದಾರೀಲಿ ಬಿದ್ದ ಮರ. ತಾಯಿ ಉಳಿದ್ಲು, ಮಗು ಉಳೀಲಿಲ್ಲ. ಹೆಸರು ಬದಲಾಯ್ಸಿದ್ದೆ, ಊರು ಬರ್ದಿರ್ಲಿಲ್ಲ, ಸಾಕು ಅಂದ್ಕೊಂಡಿದ್ದೆ. ಬೆರಳಲ್ಲಿ ಎಣಿಸೋಷ್ಟು ಮನೆ ಇರೋ ಕಡೆ ಹೆಸರು ಬದಲಾಯ್ಸಿದ್ರೆ ಏನಾಯ್ತು. ಒಂದು ಗುರುವಾರ ಲಸಿಕೆ ಮುಗಿದ ಮೇಲೆ ಆಕೆ ಬಂದು ಬಾಗಿಲಲ್ಲಿ ನಿಂತ್ಕೊಂಡ್ರು. ಸಿಟ್ಟಿರಲಿಲ್ಲ. "ನಮ್ಮನೆ ಕತೆ ಪೇಪರ್ನಾಗೆ ಬಂದದ್ಯಂತೆ ಅಮಾ, ಅಂಗಡೀಲಿ ಓದಿ ಹೇಳಿದ್ರು" ಅಂದ್ರು. ನಾನು ಏನು ಹೇಳ್ದೆ ಅಂತ ನೆನಪಿಲ್ಲ, ಏನೋ ತೊದಲಿದೆ. ಅವರು ಕೇಳಿದ್ದು ಒಂದೇ, "ನಾನು ಕೂಗಿದ್ದೂ ಬರ್ದೀರಾ?"

ಬರ್ದಿದ್ದೆ. ಬಹಳ ಚೆನ್ನಾಗಿ ಬರ್ದಿದ್ದೆ ಅಂತ ಸಂಪಾದಕರು ಪತ್ರ ಬೇರೆ ಹಾಕಿದ್ರು.

ಸುಮಾರು ಒಂದೂವರೆ ವರ್ಷ ಏನೂ ಬರೀಲಿಲ್ಲ. ಅವರ ಮನೆಗೆ ಹೋಗೋದು ಮಾತ್ರ ತಪ್ಪೋ ಹಾಗಿರ್ಲಿಲ್ಲ, ಕೆಲಸ. ಹೋಗ್ತಿದ್ದೆ, ಬಿಪಿ ನೋಡ್ತಿದ್ದೆ, ಅವರು ಮಜ್ಜಿಗೆ ಕೊಡೋರು, ಬರ್ತಿದ್ದೆ. ಆ ನಡಿಗೇಲಿ ಒಂದಿನ ಅನ್ನಿಸ್ತು, ಮನೆಯೊಳಗಿನದು ನಂದಲ್ಲ, ರೋಗಿಯ ಮಾತು ನಂದಲ್ಲ, ಸಂಬಳ ತಗೊಂಡು ಕೇಳಿಸ್ಕೊಂಡಿದ್ದು ಅದು. ಆದ್ರೆ ಮನೆ ತನಕದ ದಾರಿ? ಅದನ್ನ ನನ್ನ ಕಾಲಲ್ಲಿ ನಡೆದಿದೀನಿ. ಅಲ್ಲಿಂದ ಬರೀ ದಾರಿ ಬರ್ದೆ. ಒಂದೊಂದು ಬರಹವೂ ಕ್ವಾರ್ಟ್ರಸ್ ಬಾಗಿಲಲ್ಲಿ ಶುರುವಾಗಿ ಯಾರದ್ದೋ ಮನೆ ಅಂಗಳದ ದಣಪೆ, ಅಂದ್ರೆ ಮರದ ಗೇಟಿನ ಹತ್ರ ಮುಗಿಯುತ್ತೆ. ಒಳಗೆ ಹೋಗಲ್ಲ. ವಿಮರ್ಶೆ ಬರೆದ ಒಬ್ರು ಇದನ್ನ ಹೊಸ ತಂತ್ರ ಅಂತ ಹೊಗಳಿದ್ರು. ತಂತ್ರ ಗಿಂತ್ರ ಏನಿಲ್ಲ, ದಣಪೆ ದಾಟೋಕೆ ನಾಚಿಕೆ.

ಇಷ್ಟು ವರ್ಷ ಬರೆದ ಮೇಲೆ ನಂಗನ್ಸೋದು, ಕಾಡು ನೋಡೋಕೆ ನನಗೆ ಕಣ್ಣು ಕೊಟ್ಟಿದ್ದು ಕಾಡಲ್ಲ, ನರ್ಸಿಂಗು. ಹಾವು ಕಚ್ಚಿ ಬಂದವರಿಗೆ ಒಂದು ಟೆಸ್ಟ್ ಮಾಡ್ತೀವಿ. ಶುಭ್ರವಾದ ಒಣ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಬಿಡೋದು, ಆಮೇಲೆ ಒಂದೇ ಸಲ ಬಾಗಿಸಿ ನೋಡೋದು. ಹೆಪ್ಪುಗಟ್ಟಿದ್ರೆ ಸದ್ಯಕ್ಕೆ ಉಸಿರು ಬಿಡಬಹುದು, ನೀರಿನ ಹಾಗೆ ಹರಿದ್ರೆ ಮಂಡಲದ ಹಾವಿನ ವಿಷ ರಕ್ತಕ್ಕೆ ಸೇರಿದೆ ಅಂತ ಲೆಕ್ಕ. ಆ 20 ನಿಮಿಷ ಮನೆಯವರು ಅಳ್ತಿರ್ತಾರೆ, ಯಾರೋ ಏನಾದ್ರೂ ಮಾಡಿ ಸಿಸ್ಟರ್ ಅಂತ ಕೂಗ್ತಾರೆ, ಡ್ರಿಪ್ ಹಾಕ್ತೀವಿ, ಬಿಪಿ ನೋಡ್ತೀವಿ, ಆದ್ರೆ ಆ ಟ್ಯೂಬ್ ಮಾತ್ರ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಉತ್ತರ ಸುಳ್ಳಾಗುತ್ತೆ. ಕಾಡಲ್ಲಿ ನಿಂತಾಗಲೂ ಅದೇ. ಎಷ್ಟೋ ಸಲ ಒಂದು ಮರದ ಕೆಳಗೆ ಸುಮ್ಮನೆ ಇಪ್ಪತ್ತು ನಿಮಿಷ ನಿಂತಿದೀನಿ, ಗಡಿಯಾರ ನೋಡ್ಕೊಂಡು. ಮೊದಲ ಹತ್ತು ನಿಮಿಷ ಏನೂ ಇರಲ್ಲ. ಹನ್ನೆರಡು ಹದಿಮೂರಕ್ಕೆ ಕೆಂದಳಿಲು ನನ್ನ ಮರ್ತು ಕೆಳಗೆ ಇಳಿಯುತ್ತೆ.

2017ರಲ್ಲಿ ಮಗಳ ಹೈಸ್ಕೂಲಿಗೆ ಅಂತ ಪೇಟೆ ಕಡೆ ವರ್ಗ ತಗೊಂಡೆ. ಆದ್ರೆ 2018ರ ಡಿಸೆಂಬರಲ್ಲಿ ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆ ಎದ್ದಾಗ ಒಂದಷ್ಟು ದಿನ ಅಲ್ಲಿಗೆ ಡ್ಯೂಟಿಗೆ ಹೋದೆ. ಅದರ ಬಗ್ಗೆ ಉದ್ದಕ್ಕೆ ಬರೆಯೋಕೆ ನಂಗೆ ಇನ್ನೂ ಆಗ್ತಿಲ್ಲ. ಲಸಿಕೆ ಕ್ಯೂ, ಜ್ವರದ ಮನೆಗಳು, ಆಂಬುಲೆನ್ಸು. ಜನ ಸತ್ರು. ಮುಖ ಪರಿಚಯ ಇದ್ದೋರೂ ಇದ್ರು. ನೋಟ್‌ಬುಕ್ಕಲ್ಲಿ ಆ ತಿಂಗಳ ಬಲಗಡೆ ಕಾಲಂ ಪೂರ್ತಿ ಖಾಲಿ, ಒಂದು ಕಡೆ ಮಾತ್ರ "ಕಾನು ಸುಮ್ಮನಿದೆ" ಅಂತಿದೆ.

ಪುಸ್ತಕ ಬಂದಿದ್ದು ಆಮೇಲೆ. ಸಣ್ಣ ಪ್ರಕಾಶಕರು, 500 ಪ್ರತಿ, ಅದರಲ್ಲಿ ನೂರು ನಮ್ಮನೆ ಮಂಚದ ಕೆಳಗೆ ಬಹಳ ದಿನ ಇತ್ತು. ಪ್ರೂಫ್ ನೋಡಿದ್ದು ಮಗಳು. ಅವಳೀಗ ಬೆಂಗಳೂರಲ್ಲಿ ಓದ್ತಿದಾಳೆ, ಗಿಡ ಮರ ಅಂದ್ರೆ ಅಷ್ಟಕ್ಕಷ್ಟೇ. ಪ್ರೂಫೆಲ್ಲ ಓದಿ ಮುಗಿಸಿ ಒಂದು ಮಾತು ಹೇಳಿದ್ಲು, "ಅಮ್ಮಾ, ಇದೆಲ್ಲಾ ನೀನು ನೋಡಿರೋ ಕಾಡು. ನಂಗೆ ನೆನಪಿರೋದು ಕಿಟಕಿ." ಆ ಉಣುಗು ಸಿಕ್ಕ ಮೇಲೆ ಡಿಸೆಂಬರಿಂದ ಮೇ ತನಕ ಅವಳನ್ನ ಹೊರಗೆ ಬಿಡ್ತಿರಲಿಲ್ಲ ನಾನು, ಸ್ಕೂಲಿಂದ ಸೀದಾ ಮನೆ, ಪಕ್ಕದ ಮನೆ ಅಜ್ಜಿ ಹತ್ರ ಒಳಗೇ ಕೂತ್ಕೊಂಡು ಚೌಕಾಬಾರ. ಕಾಡಲ್ಲಿ ಬೆಳೆದ ಹುಡುಗಿ ಅಂತ ಎಲ್ರೂ ಅವಳ ಹತ್ರ ಏನೇನೋ ಕೇಳ್ತಾರೆ, ಅವಳಿಗೆ ಮತ್ತಿ ಯಾವುದು ಹೊನ್ನೆ ಯಾವುದು ಗೊತ್ತಿಲ್ಲ. ಅಂಗಳದಿಂದಾಚೆ ಅವಳಮ್ಮ ಒಬ್ಬಳೇ ಹೋಗಿ ಬಂದು ಪುಸ್ತಕ ಬರೆದ್ಲು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಮತ್ತೆ ಅದೇ ಫೆಬ್ರವರಿ ಬಂದ್ರೆ ಮತ್ತೆ ಬಾಗಿಲು ಹಾಕ್ತೀನಿ, ಅದೂ ಗೊತ್ತು.

2025ರ ಜುಲೈನಲ್ಲಿ ಹಿನ್ನೀರಿಗೆ ಸೇತುವೆ ಆಯ್ತು, ಅಂಬಾರಗೋಡ್ಲಿಂದ ಕಳಸವಳ್ಳಿಗೆ, 2.44 ಕಿಲೋಮೀಟರ್. ಲಾಂಚ್ ಹೋಯ್ತಲ್ಲ, ಆ ಮಜಾ ಹೋಯ್ತಲ್ಲ ಅಂತ ಟೂರಿಸ್ಟ್ ಬಂದೋರು ಬೇಜಾರು ಮಾಡ್ಕೊಳ್ಳೋದು ನೋಡಿ ನಂಗೆ ಮೈ ಉರಿಯುತ್ತೆ, ರಾತ್ರಿ ಎರಡು ಗಂಟೆಗೆ ಹೆರಿಗೆ ನೋವಿರೋಳನ್ನ ಕರ್ಕೊಂಡು ಆ ದಡದಲ್ಲಿ ನಿಂತವರ್ಯಾರೂ ಹಂಗೆ ಹೇಳಲ್ಲ. ಇನ್ನೂ ಇಪ್ಪತ್ತು ವರ್ಷ ಮೊದಲೇ ಆಗಬೇಕಿತ್ತು. ಹಂಗಂತ ಸುಳ್ಳೂ ಹೇಳಲ್ಲ, ನನ್ನ ಅರ್ಧ ಪುಸ್ತಕ ಬರೆದಿದ್ದು ಲಾಂಚಿಗೆ ಕಾಯ್ತಾ ದಡದ ಕಲ್ಲಿನ ಮೇಲೆ ಕೂತು.

ಸೇತುವೆ ಆದ ಮೇಲೆ ದೀಪಾವಳಿ ರಜೇಲಿ ಹಳೇ ಊರಿಗೆ ಹೋಗಿದ್ದೆ. ಬಸ್ಸು ನೀರಿನ ಮೇಲೆ ಕೆಲವೇ ನಿಮಿಷಕ್ಕೆ ದಾಟಿಬಿಡ್ತು, ಕನ್ನಡಕ ಹುಡುಕ್ಕೊಳ್ಳೋಷ್ಟರಲ್ಲಿ ಆಚೆ ದಡ. ಆ ಹೆರಿಗೆ ರಾತ್ರಿಯ ತಾಯಿ ಮನೆಗೂ ಹೋದೆ. ಕೂದಲು ಬೆಳ್ಳಗಾಗಿದೆ, ಇನ್ನೊಬ್ಬ ಮಗ ಆಮೇಲೆ ಹುಟ್ಟಿದವನು ಈಗ ಪಿಯುಸಿ. ಪುಸ್ತಕ ಅವರಿಗೆ ನಾನು ಕೊಟ್ಟಿರಲಿಲ್ಲ, ಧೈರ್ಯ ಇರಲಿಲ್ಲ, ಆದ್ರೆ ಜಗಲಿ ಮೇಲಿನ ಗೂಡಲ್ಲಿ ಪಂಚಾಂಗದ ಪಕ್ಕ ಇತ್ತು. ಮಗ ತಂದಿದ್ದಂತೆ. ಅವರ ಮನೆ ದಾರಿ ಅದರಲ್ಲಿ ಐದನೇ ಬರಹ. ನಾನು ಅದರ ಕಡೆ ನೋಡಿದ್ದು ನೋಡಿ ಅವರೇ ಅಂದ್ರು, "ಮಾಣಿ ಓದಿ ಹೇಳ್ದ."

ನಾನು ಮಜ್ಜಿಗೆ ಲೋಟ ಹಿಡ್ಕೊಂಡು ಸುಮ್ಮನೆ ಕೂತೆ.

"ಒಂದು ತಪ್ಪು ಬರ್ದೀರಿ" ಅಂದ್ರು. "ನಮ್ಮನೆ ದಾರೀಲಿ ಹಳ್ಳ ದಾಟೂ ಸಂಕ ಎರಡಲ್ಲ, ಮೂರು. ನೀವು ಈ ಊರಿಗೆ ಬಪ್ಪ ಹಿಂದಿನ ಮಳೆಗಾಲ ಒಂದು ತೊಳ್ಕಂಡು ಹೋಗಿತ್ತು. ಅಲ್ಲಿ ನೀವು ನೀರಿಗೆ ಇಳಿದು ದಾಟ್ತಿದ್ರಿ ನೋಡಿ, ಅದೇ ಜಾಗ."

ಬ್ಯಾಗಿಂದ ಪೆನ್ನು ತೆಗೆದೆ. ಗೂಡಲ್ಲಿದ್ದ ಪುಸ್ತಕ ಅವರೇ ತಂದು ಕೊಟ್ರು, ಪುಟ ಎಷ್ಟು ಅಂತ ಮಗ ಒಳಗಿಂದ ಕೂಗಿ ಹೇಳ್ದ.